ಹೊಸ್ತಿಲೆದುರು ಮಾತಾಡಿದ ಫೋನು

"ಈ ಹೊಸ್ತಿಲ ನೋಡ್ರಿ. ನಮ್ಮಜ್ಜ ಕೋಟೆ ಗ್ವಾಡಿಂದ ಕಿತ್ತು ತಂದ ಕಲ್ಲದು. ಸುಲ್ತಾನರ ಕಲ್ಲು!"

ಬಾಗಿಲಾಚೆ ತನ್ನದೇ ದನಿ ಕೇಳಿ ಅಲ್ಲಾವುದ್ದೀನ್ ಹೊಲಿಯುತ್ತಿದ್ದ ಅಂಗಿ ಬಿಟ್ಟು ಎದ್ದ. ಸಾಹೇಬರೊಬ್ಬರು ಫೋನು ಹಿಡಿದು ನಿಂತಿದ್ದರು. ಕಲಬುರಗಿ ಕೋಟೆ ಪಕ್ಕದ ಈ ಹಳೇ ಓಣಿಗೆ ಇದೇನು ಹೊಸದಲ್ಲ. ಕಮಲಾಪುರದ ಮಲ್ಲಿಕಾ ಎಂಬ ಹುಡುಗಿ ಮನೆಮನೆಗೆ ಬಂದು ಕಥೆ ಹೇಳಿಸಿ, ಅವರವರ ದನಿಯಲ್ಲೇ ಫೋನಿನ ಆ್ಯಪೊಂದಕ್ಕೆ ಸೇರಿಸಿದ್ದಳು. ಆ ಆ್ಯಪಿರುವ ಫೋನು ಹಿಡಿದು ಯಾವ ಮನೆಯೆದುರು ನಿಂತರೂ ಆ ಮನೆಯ ಕಥೆ ತಾನಾಗಿಯೇ ಕೇಳುತ್ತಿತ್ತು. ಅಂದಿನಿಂದ ಬಂದಬಂದವರಿಗೆ ಹೊಸ್ತಿಲು ತೋರಿಸಿ ಅಲ್ಲಾವುದ್ದೀನ್ ಹಿಗ್ಗಿ ಹೀರೇಕಾಯಿಯಾಗಿದ್ದ.

"ಇದೇ ಕಲ್ಲೇನು?" ಸಾಹೇಬರು ಕೇಳಿದರು.

"ಇದೇ ರೀ! ಹೂವಾ ಕೆತ್ಯಾರ ನೋಡ್ರಿ." ಹೆಗಲ ಟವೆಲಿನಿಂದ ಧೂಳು ಒರೆಸಿಯೂ ತೋರಿಸಿದ. ಅಯ್ಯೋ, ಆಗಲಾದರೂ ಯಾರಾದರೂ ಅವನ ಬಾಯಿ ಮುಚ್ಚಿಸಬಾರದಿತ್ತೇ!

ಸಾಹೇಬರ ಜೊತೆಯವನು ಟೇಪು ಬಿಚ್ಚಿ ಅಳೆಯತೊಡಗಿದ. ಕೋಟೆ ನೋಡಿಕೊಳ್ಳುವ ಸರ್ಕಾರಿ ಇಲಾಖೆಯ ಆ ಸಾಹೇಬರು ಹೇಳಿದರು: "ಕೋಟೆ ಕಲ್ಲಂದ್ರ ಸರ್ಕಾರದ್ದು. ಒಯ್ಯಬೇಕಾಗ್ತದ. ಅದರ ಮ್ಯಾಲಿನ ಗ್ವಾಡಿನೂ ಇಳಸಬೇಕು. ಲಗೂನ ಮನಿ ಖಾಲಿ ಮಾಡ್ಕೋರಿ."

ಒಳಗಿನಿಂದ ಹೆಂಡತಿ ಲತೀಫಾ ಓಡಿಬಂದಳು. "ಸುಳ್ಳದ ರೀ ಸಾಹೇಬ್ರ! ಶಹಾಬಾದ ಕಲ್ಲದು, ರೊಕ್ಕ ಕೊಟ್ಟು ತಂದದ್ದು. ಈ ಮನಷ್ಯಾಗ ಬಡಾಯಿ ಕೊಚ್ಚೋ ಚಟ."

"ಹೌದೇನ್ರಿ?" ಸಾಹೇಬರು ಅಲ್ಲಾವುದ್ದೀನನತ್ತ ತಿರುಗಿದರು.

ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಈ ಕಥೆ ಹೇಳಿದವನು ಅಜ್ಜನೇ. ಜೀವಮಾನದಲ್ಲಿ ಒಂದೂ ಸುಳ್ಳಾಡದ ಮನುಷ್ಯ. ಅಲ್ಲಾವುದ್ದೀನ್ ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ.

"ಹೌದ್ರಿ," ಎಂದ. "ನಮ್ಮಜ್ಜ ಬರೇ ಸುಳ್ಳ ಹೇಳಾಂವ."

"ಆದರ ಹೂವಾ ನೀವೇ ತೋರಿಸೀರಲ್ಲ," ಎಂದು ಸಾಹೇಬರು ಹೊರಟರು. ಜೊತೆಯವನು ಕಲ್ಲಿಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಅವರ ಹಿಂದೆ ನಡೆದ.

"ಮಾತು ಆಡಿದರ ಹೋಯ್ತು, ಮುತ್ತು ಒಡದರ ಹೋಯ್ತು," ಎಂದು ಲತೀಫಾ ಹಣೆ ಬಡಿದುಕೊಂಡಳು. ಗಂಡನನ್ನು ಬೈಯುವಷ್ಟು ತ್ರಾಣವೂ ಅವಳಿಗೆ ಉಳಿದಿರಲಿಲ್ಲ. ಮಲ್ಲಿಕಾಗೆ ಫೋನು ಮಾಡಿ ಅತ್ತಳು.

ಸಂಜೆ ಮಲ್ಲಿಕಾ ಕಮಲಾಪುರದ ಬಸ್ಸಿಳಿದು ಓಡೋಡಿ ಬಂದಳು. "ಚಾಚಾ, ನನ್ನಿಂದ ಹಿಂಗಾಯ್ತು. ನಿಮ್ಮ ಕಥಿ ಪೂರಾ ಅಳಿಸಿಬಿಟ್ಟೀನಿ. ಇನ್ನ ಯಾರ್ ಬಂದು ನಿಂತರೂ ಏನೂ ಕೇಳಂಗಿಲ್ಲ."

"ನಮ್ಮಜ್ಜನ ಹೆಸರು?"

"ಅದೂ ಹೋಯ್ತು ರೀ."

"ಛಲೋ ಮಾಡಿದಿ, ಬೇಟಿ," ಎಂದ ಅಲ್ಲಾವುದ್ದೀನ್. ಒಳಗ ಬಾ ಎನ್ನಲಿಲ್ಲ. ಕೆಂಪು ಗುರುತಿನ ಆಚೆ ಅವಳು, ಈಚೆ ಅವನು, ಕತ್ತಲಾಗುವವರೆಗೂ ನಿಂತೇ ಇದ್ದರು.