ಬಾಡಿಗೆದಾರನ ಹಾಜರಿ

ಬೆಳಿಗ್ಗೆ ಒಂಬತ್ತಾಯಿತೆಂದರೆ ಆ ಮೂರನೇ ಮಹಡಿಯ ಮನೆಯಲ್ಲಿ ಹಾಜರಿ ಕರೆಯುವ ಹೊತ್ತು. ಶಾಲೆ ಎಂದರೆ ಅಕ್ಕ ಮಲಗುವ ಕೋಣೆ, ಬೆಂಚು ಎಂದರೆ ಅಕ್ಕನ ಮಂಚದ ಕಾಲುದೆಸೆ. ಮೇಡಂ ಸ್ವತಃ ಅಕ್ಕನೇ. ಎಂಟನೇ ತಿಂಗಳು ಬಿದ್ದಕೂಡಲೇ ಡಾಕ್ಟರಮ್ಮ, ಹೆರಿಗೆಯಾಗುವವರೆಗೂ ಮಂಚ ಬಿಟ್ಟು ಇಳಿಯಕೂಡದು ಎಂದು ಅಪ್ಪಣೆ ಮಾಡಿದ್ದರಿಂದ ಈ ಮೇಡಂ ಎಡಮಗ್ಗುಲಾಗಿ ಮಲಗಿಕೊಂಡೇ ಹಾಜರಿ ಕರೆಯುತ್ತಿದ್ದಳು.

"ಒಂದು?"

"ಹಾಜರ್ ಮೇಡಂ!" ಇದು ಅಕ್ಕನ ಒಂಬತ್ತು ವರ್ಷದ ಮಗಳು. ಮನೆಯಲ್ಲಿ ಅವಳ ಹೆಸರು ಹೆಡ್‌ಮೇಡಂ. ಬಾಗಿಲು ಹಾಕುವುದಕ್ಕೂ ಒಂದು ನಿಯಮ, ಚಪ್ಪಲಿ ಬಿಡುವುದಕ್ಕೂ ಒಂದು ನಿಯಮ ಮಾಡಿಟ್ಟವಳು.

"ಎರಡು?"

"ಹಾಜರ್!" ಇದು ಆರು ವರ್ಷದ ಮಗ, ರೇಡಿಯೋ. ಎದ್ದಾಗಿನಿಂದ ಮಲಗುವವರೆಗೆ ನಿಲ್ಲಿಸುವ ಗುಂಡಿಯೇ ಇಲ್ಲದೆ ಮಾತಾಡುತ್ತಾನೆಂದು ಅವನಪ್ಪ ಇಟ್ಟ ಹೆಸರು.

"ಮೂರು?"

ಆಗ ಎಲ್ಲರೂ ಉಸಿರು ಬಿಗಿಹಿಡಿಯುವರು. ರೇಡಿಯೋ ಎರಡೂ ಅಂಗೈಗಳನ್ನು ಅಮ್ಮನ ಹೊಟ್ಟೆಯ ಮೇಲಿಟ್ಟು ಕಣ್ಣು ಮುಚ್ಚಿಕೊಳ್ಳುವನು.

"ಒದ್ದ! ಬಾಡಿಗೆದಾರ ಹಾಜರ್!"

ಹೊಟ್ಟೆಯೊಳಗಿನ ಕೂಸಿಗೆ ಬಾಡಿಗೆದಾರ ಎಂದು ಹೆಸರಿಟ್ಟವನೂ ಮಕ್ಕಳ ಅಪ್ಪನೇ. "ಜಾಗ ಹಿಡ್ಕೊಂಡಿದಾನೆ, ಊಟ ನಮ್ಮದೇ, ಮೇಲೆ ಗೋಡೆಗೆ ಒದೀತಾನೆ" ಎಂದು ಅವನ ದೂರು.

ಇದನ್ನೆಲ್ಲ ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದವಳು ಅಕ್ಕನ ತಂಗಿ. ಮಕ್ಕಳ ಬಾಯಲ್ಲಿ ಚಿಕ್ಕಿ. ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕುವ, ಗುಂಡಿ ಹಚ್ಚುವ, ಅಂಚು ಮಡಿಸುವ ಕೆಲಸ ಅವಳದು. ಅಕ್ಕನಿಗೆ ಆಸರೆಯಾಗಿರಲೆಂದು ಎರಡು ತಿಂಗಳು ರಜೆ ಹಾಕಿ ಬಂದಿದ್ದಳು. ಅಡುಗೆ, ಬಟ್ಟೆ, ಪಾತ್ರೆ ನೋಡಿಕೊಂಡರಾಯಿತು ಎಂದುಕೊಂಡು ಬಂದವಳ ತಲೆಗೆ ಮೊದಲ ವಾರವೇ ಇಡೀ ಶಾಲೆ ಬಂದು ಬಿತ್ತು. ಅಕ್ಕ ಹಾಜರಿ ಕರೆದು, ಒಂದು ಪಾಠ ಮಾಡುವಷ್ಟರಲ್ಲಿ ಸುಸ್ತಾಗಿ ಕಣ್ಣು ಮುಚ್ಚುತ್ತಿದ್ದಳು. "ಮಿಕ್ಕಿದ್ದು ನೀನೇ ನೋಡ್ಕೊಳೇ" ಎಂದುಬಿಟ್ಟಳು.

ಮಿಕ್ಕಿದ್ದು ಎಂದರೆ ಲೆಕ್ಕ. ಚಿಕ್ಕಿ ಐದನೇ ತರಗತಿಯ ನಡುವಿನಲ್ಲೇ ಶಾಲೆ ಬಿಟ್ಟವಳು. ಅದೂ ಅಲ್ಲದೆ ಅವಳಿಗೆ ನಾಲ್ಕು ಜನರ ಮುಂದೆ ಬಾಯಿ ಬಿಡಬೇಕೆಂದರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಅಂಗಡಿಯಲ್ಲೂ ಅಷ್ಟೆ, ಅಳತೆ ತೆಗೆಯುವವರು ಬೇರೆ, ಮಾತಾಡುವವರು ಬೇರೆ, ಅವಳು ಹಿಂದಿನ ಕೋಣೆಯಲ್ಲಿ ಸೂಜಿ ಹಿಡಿದವಳು.

ಮಕ್ಕಳು ಮನೆಯಲ್ಲೇ ಕಲಿಯುತ್ತಿದ್ದುದಕ್ಕೆ ಕಾರಣ ರೇಡಿಯೋ. ಮನೆಯಲ್ಲಿ ಊರು ಒಂದು ಮಾಡುವ ಹುಡುಗ ಶಾಲೆಯ ಬಾಗಿಲು ದಾಟಿದರೆ ಪಿಟಕ್ಕೆನ್ನುತ್ತಿರಲಿಲ್ಲ. ಅಲ್ಲಿನ ಟೀಚರು ತಲೆ ಬಗ್ಗಿಸಿಕೊಂಡೇ ಹಾಜರಿ ಕರೆಯುವವರು, ಇವನು 'ಹಾಜರ್' ಎನ್ನದೆ ಕೂರುವವನು. ನಾಲ್ಕು ತಿಂಗಳಾದ ಮೇಲೆ, ನಿಮ್ಮ ಮಗ ಒಂದು ದಿನವೂ ಶಾಲೆಗೆ ಬಂದಿಲ್ಲ ಎಂಬ ಕಾಗದ ಮನೆಗೆ ಬಂತು. ಮಗನನ್ನು ದಿನವೂ ಕೈಹಿಡಿದು ಬಿಟ್ಟುಬರುತ್ತಿದ್ದ ಅಕ್ಕ ಆ ಕಾಗದ ಓದಿ ಮೊದಲು ನಕ್ಕಳು, ಆಮೇಲೆ ಅತ್ತಳು, ಮಾರನೆಯ ದಿನವೇ ಮಕ್ಕಳಿಬ್ಬರಿಗೂ ಮನೆಯಲ್ಲಿ ಕಲಿಸುವುದಾಗಿ ಅರ್ಜಿ ಬರೆದಳು. ಶಿಕ್ಷಣ ಕಚೇರಿ ಆರು ತಿಂಗಳ ಅನುಮತಿ ಕೊಟ್ಟಿತು. ಆರು ತಿಂಗಳಾದ ಮೇಲೆ ಇನ್‌ಸ್ಪೆಕ್ಟರ್ ಬಂದು ಪರೀಕ್ಷಿಸುತ್ತಾರೆ, ಹುಡುಗ ಬಾಯಿ ಬಿಟ್ಟರೆ ಸರಿ, ಇಲ್ಲವಾದರೆ ಮತ್ತೆ ಅದೇ ಶಾಲೆ, ಅದೇ ಬೆಂಚು.

ಮನೆಯಲ್ಲೂ ಮೊದಮೊದಲು ಪುಸ್ತಕ ತೆರೆದರೆ ಸಾಕು, ಹುಡುಗನ ಬಾಯಿಗೆ ಬೀಗ ಬೀಳುತ್ತಿತ್ತು. ಬಸಿರಿನ ಐದನೇ ತಿಂಗಳಲ್ಲಿ ಕೂಸು ಮೊದಲ ಸಲ ಒದ್ದಾಗ ಅಕ್ಕ ತಮಾಷೆಗೆ ಹಾಜರಿಗೆ ಮೂರನೇ ನಂಬರು ಸೇರಿಸಿದಳು. ಅದು ಬಾಯಿಲ್ಲದ ವಿದ್ಯಾರ್ಥಿ. ಯಾರಾದರೂ ಅದರ ಪರವಾಗಿ ಕೂಗಲೇಬೇಕು. ರೇಡಿಯೋ ಕೂಗಿದ. ಕೂಸಿನ ಹಾಜರಿ ಕೂಗುತ್ತ ಕೂಗುತ್ತ ಒಂದು ದಿನ ತನ್ನದನ್ನೂ ಕೂಗಿಬಿಟ್ಟ.

ಲೆಕ್ಕದ ದಾರಿಯನ್ನು ಚಿಕ್ಕಿಗೆ ತೋರಿಸಿದ್ದೂ ಬಾಡಿಗೆದಾರನೇ. ದಿನವೂ ಊಟವಾದ ಮೇಲೆ ಕೂಸು ಹತ್ತು ಸಲ ಒದೆಯಲು ಎಷ್ಟು ನಿಮಿಷ ಬೇಕು ಎಂದು ಬರೆದಿಡಿ ಎಂದಿದ್ದರು ಡಾಕ್ಟರಮ್ಮ. ಅಕ್ಕನಿಗೆ ಎಣಿಸುತ್ತ ಎಣಿಸುತ್ತ ನಿದ್ದೆ. ಚಿಕ್ಕಿ ಆ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿದಳು. ಒದೆ ಎಣಿಸುವುದು ರೇಡಿಯೋ, ಗಡಿಯಾರ ನೋಡುವುದೂ ಅವನೇ, ಬರೆಯುವುದು ಹೆಡ್‌ಮೇಡಂ. ಗಡಿಯಾರ ನೋಡಲು ಬಾರದ ಹುಡುಗ ಮೂರೇ ದಿನದಲ್ಲಿ ಕಲಿತ. ಆಮೇಲೆ ಚಿಕ್ಕಿ ಅಂಗಡಿಯಿಂದ ತಂದಿದ್ದ ಬಿಳಿ ಬಟ್ಟೆಯ ಪಟ್ಟಿ ತೆಗೆದು, ನಿಮಿಷಕ್ಕೊಂದು ಸೆಂಟಿಮೀಟರಿನಂತೆ ಅಳೆದು ಕತ್ತರಿಸಿ, ದಿನಕ್ಕೊಂದು ತುಂಡನ್ನು ಗೋಡೆಯ ಹಗ್ಗಕ್ಕೆ ಪಿನ್ನು ಹಾಕಿ ತೂಗುಬಿಟ್ಟಳು. ಬಾಡಿಗೆದಾರ ಚುರುಕಾಗಿದ್ದ ದಿನ ಗಿಡ್ಡ ಪಟ್ಟಿ, ಸೋಮಾರಿಯಾಗಿದ್ದ ದಿನ ಉದ್ದ ಪಟ್ಟಿ.

"ಸರಾಸರಿ ತೆಗೀಬೇಕು ಚಿಕ್ಕಿ. ಪುಸ್ತಕದಲ್ಲಿ ಹಾಗೇ ಇದೆ" ಎಂದಳು ಹೆಡ್‌ಮೇಡಂ ಒಂದು ದಿನ. "ಎಲ್ಲ ಕೂಡಿ ಏಳರಿಂದ ಭಾಗಿಸೋದು."

ಏಳರ ಭಾಗಾಕಾರ ಚಿಕ್ಕಿಗೆ ಬಾರದು. ಅರ್ಧ, ಕಾಲು, ಅರೆಕಾಲು ಅವಳಿಗೆ ನೀರು ಕುಡಿದಷ್ಟು ಸಲೀಸು. ಬಟ್ಟೆಯನ್ನು ಒಂದು ಸಲ ಮಡಿಸಿದರೆ ಅರ್ಧ, ಎರಡು ಸಲ ಮಡಿಸಿದರೆ ಕಾಲು, ಮೂರು ಸಲ ಮಡಿಸಿದರೆ ಅರೆಕಾಲು, ಎಂದರೆ ಎಂಟರಲ್ಲೊಂದು ಪಾಲು. ಆದರೆ ಬಟ್ಟೆಯನ್ನು ಎಷ್ಟು ಸಲ ಮಡಿಸಿದರೂ ಏಳು ಬರುವುದಿಲ್ಲ. ಒಂದಿಡೀ ಮಧ್ಯಾಹ್ನ ಯೋಚಿಸಿ ಅವಳು ವಾರಕ್ಕೆ ಎಂಟು ದಿನ ಮಾಡಿಬಿಟ್ಟಳು. ಸೋಮವಾರದಿಂದ ಸೋಮವಾರದವರೆಗೆ ಎಂಟು ಪಟ್ಟಿ. ಒಂದರ ತುದಿಗೆ ಒಂದು ಹೊಲಿದು, ಉದ್ದಕ್ಕೆ ಹಿಡಿದು, ಮೂರು ಸಲ ಮಡಿಸಿದರೆ ಕೈಯಲ್ಲಿ ಉಳಿಯುವುದೇ ಸರಾಸರಿ. ರೇಡಿಯೋಗೆ ಖುಷಿಯೋ ಖುಷಿ. ಹೆಡ್‌ಮೇಡಂ ಮಾತ್ರ ಹುಬ್ಬು ಗಂಟಿಕ್ಕಿ ನೋಡಿದಳು, ಆದರೆ ಯಾಕೋ ಏನೂ ಅನ್ನಲಿಲ್ಲ.

ಇನ್‌ಸ್ಪೆಕ್ಟರ್ ಬರುವ ದಿನ ಅಕ್ಕ ಬೆಳಗಾಗುತ್ತಲೇ ಮಂಚದಿಂದ ಆಜ್ಞೆ ಹೊರಡಿಸಿದಳು. "ಪಾಠ ಎಲ್ಲ ಅಮ್ಮನೇ ಮಾಡೋದು ಅನ್ನಿ. ಅರ್ಜೀಲಿ ಹಾಗೇ ಬರ್ದಿದೀನಿ. ಚಿಕ್ಕಿ ಅಡುಗೆಗೆ ಬಂದಿದಾಳೆ, ಅಷ್ಟೆ. ತಿಳೀತಾ?"

"ಸುಳ್ಳು ಹೇಳಬಾರದು ಅಂತ ಮೂರನೇ ನಿಯಮ" ಎಂದಳು ಹೆಡ್‌ಮೇಡಂ.

"ಸುಳ್ಳಲ್ಲ ಕಣೇ, ಅರ್ಧ ನಿಜ."

"ಅಂದ್ರೆ ಒಂದು ಸಲ ಮಡಿಸಿದ ನಿಜ" ಎಂದ ರೇಡಿಯೋ.

ಚಿಕ್ಕಿಗೆ ನಗು ಬರಲಿಲ್ಲ. ತನ್ನಂಥವಳು ಪಾಠ ಮಾಡುತ್ತಾಳೆಂದು ಗೊತ್ತಾದರೆ ಅನುಮತಿ ರದ್ದಾಗುವುದು ಖಂಡಿತ, ಹುಡುಗ ಮತ್ತೆ ಆ ಬೆಂಚಿನ ಮೇಲೆ ಬಾಯಿ ಹೊಲಿದುಕೊಂಡು ಕೂರುತ್ತಾನೆ, ಅದಕ್ಕೆ ತಾನೇ ಕಾರಣಳಾಗುತ್ತೇನೆ. ಅವಳು ಬೇಗಬೇಗ ನೆಲ ಒರೆಸಿದಳು, ಪುಸ್ತಕ ಜೋಡಿಸಿದಳು, ಕಪ್ಪು ತೊಳೆದಳು. ಆ ಗಡಿಬಿಡಿಯಲ್ಲಿ ಹಗ್ಗದ ಮೇಲಿನ ಎಂಟು ಪಟ್ಟಿಗಳನ್ನು ತೆಗೆಯುವುದನ್ನೇ ಮರೆತಳು.

ಹನ್ನೊಂದಕ್ಕೆ ಬಾಗಿಲು ಬಡಿದ ಸದ್ದು. ದಪ್ಪ ಕನ್ನಡಕದ, ನಡುವಯಸ್ಸು ದಾಟಿದ ಹೆಂಗಸು, ಒಂದು ಕೈ ಮೊಣಕಾಲಿನ ಮೇಲೆ, ಇನ್ನೊಂದು ಕೈಯಲ್ಲಿ ಫೈಲು.

"ಲಿಫ್ಟು ಕೆಟ್ಟಿದೆಯಲ್ರೀ! ಈ ಮನೆ ಯಜಮಾನರು ಲಿಫ್ಟ್ ಮೆಕಾನಿಕ್ ಅಂತ ಫೈಲಲ್ಲಿದೆ?"

"ಅದು ಬೇರೆ ಕಂಪನಿ ಲಿಫ್ಟು ಮೇಡಂ! ಅವರು ಮುಟ್ಟೋ ಹಾಗಿಲ್ಲ. ದಿನಾ ಅದರ ಮುಂದೆ ನಿಂತು ಹಲ್ಲು ಕಡೀತಾರೆ" ಎಂದು ಅಕ್ಕ ಕೋಣೆಯಿಂದಲೇ ಕೂಗಿ ಹೇಳಿದಳು.

ಇನ್‌ಸ್ಪೆಕ್ಟರ್ ಮೇಡಂ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಫೈಲು ಬಿಚ್ಚಿದರು. ಹೆಡ್‌ಮೇಡಂ ಕೇಳಿದ್ದಕ್ಕೂ ಕೇಳದ್ದಕ್ಕೂ ಸೇರಿಸಿ ಉತ್ತರ ಹೇಳಿದಳು.

"ಸಾಕು ಪುಟ್ಟೀ, ನೀನು ಪಾಸು. ಇನ್ನು ಬಿಟ್ರೆ ನನ್ನ ಕೆಲಸಾನೂ ನೀನೇ ಮಾಡ್ತೀಯ. ನಾನು ಬಂದಿದ್ದು ನಿನ್ನ ತಮ್ಮನ ಮಾತು ಕೇಳಕ್ಕೆ." ಮೇಡಂ ಪೆನ್ನಿನ ಮುಚ್ಚಳ ತೆಗೆದರು. "ಏನಪ್ಪಾ, ಗಂಟೆ ಎಷ್ಟು ಈಗ? ಹೇಳು ನೋಡೋಣ."

ರೇಡಿಯೋ ಪೆನ್ನು ನೋಡಿದ, ಫೈಲು ನೋಡಿದ. ಅವನ ಮುಖ ಮೆಲ್ಲಗೆ ಮುಚ್ಚಿಕೊಳ್ಳುತ್ತ ಹೋಗುವುದು ಚಿಕ್ಕಿಗೆ ಕಂಡಿತು. ತುಟಿ ಒಳಕ್ಕೆ ಹೋಯಿತು, ಗಲ್ಲ ಎದೆಗೆ ತಗುಲಿತು. ಅಕ್ಕ ದಿಂಬಿನ ಮೇಲೆ ಮೊಣಕೈ ಊರಿ ಏಳಲು ಹೋಗಿ, ಮೇಡಂ ಕೈ ಎತ್ತಿದ್ದರಿಂದ ಮತ್ತೆ ಮಲಗಿದಳು.

"ನಿಧಾನ, ನಿಧಾನ" ಎಂದರು ಮೇಡಂ. ಒಂದು ನಿಮಿಷವಾಯಿತು. ಎರಡಾಯಿತು. ಕಾಯುತ್ತ ಕೂತ ಮೇಡಂ ಕಣ್ಣು ಗೋಡೆಯ ಕಡೆ ತಿರುಗಿತು. ಅವರು ಪಟ್ಟಿಗಳನ್ನು ಎಣಿಸಿದರು, ಕೆಳಗೆ ಬರೆದ ದಿನಗಳ ಹೆಸರು ಓದಿದರು, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಎಣಿಸಿದರು.

"ಸೋಮವಾರ ಎರಡು ಸಲ ಇದೆಯಲ್ಲ? ನಿಮ್ಮನೇಲಿ ವಾರಕ್ಕೆ ಎಂಟು ದಿನಾನಾ?"

ಮೇಡಂ ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದ ಚಿಕ್ಕಿಯ ಕಡೆ ತಿರುಗಿದರು. "ಇದನ್ನ ಮಾಡಿದ್ದು ಯಾರು? ನೀವಾ?"

ಹೌದೆಂದರೆ ಅಕ್ಕನ ಅರ್ಜಿ ಸುಳ್ಳಾಗುತ್ತದೆ, ಇಲ್ಲವೆಂದರೆ ತಾನೇ ಸುಳ್ಳಿಯಾಗುತ್ತೇನೆ. ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು. ಅವಳ ತುಟಿಯೂ ಒಳಕ್ಕೆ ಹೋಯಿತು, ಅವಳ ಗಲ್ಲವೂ ಎದೆಗೆ ತಗುಲಿತು.

ರೇಡಿಯೋ ತಲೆ ಎತ್ತಿದ್ದು ಆಗ. ಒಂದು ಸಲ ಚಿಕ್ಕಿಯ ಮುಖ ನೋಡಿದ, ಒಂದು ಸಲ ಮೇಡಂ ಮುಖ ನೋಡಿದ. ತನ್ನನ್ನು ಕೇಳಿದಾಗ ಕಲ್ಲಾಗಿದ್ದ ಹುಡುಗನಿಗೆ ಚಿಕ್ಕಿಯ ಅವಸ್ಥೆ ನೋಡಲಾಗಲಿಲ್ಲ.

"ಅವಳನ್ನ ಕೇಳಬೇಡಿ. ಅವಳಿಗೆ ಎಲ್ಲ ಗೊತ್ತು, ಹೇಳಕ್ಕೆ ನಾಚ್ಕೆ" ಎಂದ.

ಅಕ್ಕ ಹೊದಿಕೆಯ ಅಂಚನ್ನು ಬಾಯಿಗೆ ತುರುಕಿಕೊಂಡಳು.

"ಹಾಗಾ? ಹಾಗಾದ್ರೆ ನೀನೇ ಹೇಳು" ಎಂದರು ಮೇಡಂ, ಪೆನ್ನನ್ನು ಮೆಲ್ಲಗೆ ಮಡಿಲಿಗಿಟ್ಟು.

ಹೇಳು ಎಂದದ್ದೇ ತಡ. "ಬಾಡಿಗೆದಾರ ಹತ್ತು ಸಲ ಒದೆಯೋಕೆ ಎಷ್ಟು ನಿಮಿಷ ಬೇಕೋ ಅಷ್ಟುದ್ದ ಪಟ್ಟಿ. ಬಾಡಿಗೆದಾರ ಅಂದ್ರೆ ಒಳಗಿದಾನಲ್ಲ, ಅವನು. ನಾನೇ ಎಣಿಸೋದು. ಗಡಿಯಾರ ನೋಡೋದೂ ನಾನೇ. ಈಗ ಹನ್ನೊಂದೂ ಇಪ್ಪತ್ತು, ನೀವು ಆಗ್ಲೇ ಕೇಳಿದ್ರಲ್ಲ. ಇವತ್ತು ಊಟ ಆದ್ಮೇಲೆ ಈ ಎಂಟನ್ನೂ ಹೊಲೀತೀವಿ. ಎಂಟು ಯಾಕಂದ್ರೆ ಚಿಕ್ಕಿಗೆ ಏಳರ ಭಾಗಾಕಾರ ಬರಲ್ಲ. ಅವಳು ಐದನೇ ಕ್ಲಾಸು ಅರ್ಧ ಮಾತ್ರ ಓದಿರೋದು. ಆದ್ರೆ ಮಡಿಸೋದ್ರಲ್ಲಿ ಅವಳನ್ನ ಮೀರಿಸೋರಿಲ್ಲ! ಪಾಠ ಎಲ್ಲ ಅಮ್ಮನೇ ಮಾಡೋದು ಅಂತ ಹೇಳು ಅಂದಿದಾಳೆ ಅಮ್ಮ. ಅದು ಒಂದು ಸಲ ಮಡಿಸಿದ ನಿಜ. ಲೆಕ್ಕ ಚಿಕ್ಕೀದು."

"ಅಯ್ಯೋ ದೇವರೇ" ಎಂದು ಅಕ್ಕ ಹೊದಿಕೆಯನ್ನು ತಲೆಯ ಮೇಲೆಳೆದುಕೊಂಡಳು.

"ಮಡಿಸಿ ತೋರಿಸ್ತೀಯಾ?" ಎಂದರು ಮೇಡಂ.

ಊಟದವರೆಗೆ ಕಾಯಬೇಕಾಗಲಿಲ್ಲ. ಚಿಕ್ಕಿ ಕಪ್ಪು ಕೆಳಗಿಟ್ಟು, ಹಗ್ಗದಿಂದ ಪಟ್ಟಿ ಬಿಡಿಸಿ, ಒಂದೊಂದಾಗಿ ಹೊಲಿಗೆ ಹಾಕಿದಳು. ಹದಿನೆಂಟು, ಇಪ್ಪತ್ತೆರಡು, ಇಪ್ಪತ್ತೈದು ಎಂದು ಹೆಡ್‌ಮೇಡಂ ಓದುತ್ತ ಹೋದಳು, ಉದ್ದನೆಯ ಪಟ್ಟಿ ಮಂಚದ ಮೇಲೆ ಹರಿಯಿತು. ಒಂದು ತುದಿ ಹುಡುಗನ ಕೈಯಲ್ಲಿ, ಇನ್ನೊಂದು ತುದಿ ಇನ್‌ಸ್ಪೆಕ್ಟರ್ ಮೇಡಂ ಕೈಯಲ್ಲಿ. ಮಡಿಸಿದರು, ಮತ್ತೆ ಮಡಿಸಿದರು, ಮತ್ತೊಮ್ಮೆ ಮಡಿಸಿದರು. ಚಿಕ್ಕಿ ಟೇಪು ಹಿಡಿದಳು.

"ಇಪ್ಪತ್ತು!" ಎಂದ ರೇಡಿಯೋ.

ಮೇಡಂ ಫೈಲಿನ ಹಿಂದೆ ಪೆನ್ನಿನಿಂದ ಕೂಡಿ, ಎಂಟರಿಂದ ಭಾಗಿಸಿ ನೋಡಿದರು. ನೂರ ಅರವತ್ತು, ಇಪ್ಪತ್ತು. ಹಾಗೇ ಸ್ವಲ್ಪ ಹೊತ್ತು ಮಡಿಸಿದ ಪಟ್ಟಿಯನ್ನು ಬಿಚ್ಚುತ್ತ, ಮತ್ತೆ ಮಡಿಸುತ್ತ ಕೂತರು. "ನನಗೆ ಇದನ್ನ ಹೀಗೆ ಯಾರೂ ಹೇಳ್ಕೊಟ್ಟಿರಲಿಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಫೈಲು ತೆರೆದರು.

"ಇಲ್ಲಿ 'ಮಗು ಮಾತನಾಡುವುದಿಲ್ಲ' ಅಂತ ಬರೆದಿದೆ. ಇದನ್ನ ಹೊಡೆದು ಹಾಕ್ತೀನಿ. 'ಮಗು ಮನೆಯ ಗುಟ್ಟೆಲ್ಲ ರಟ್ಟು ಮಾಡುತ್ತದೆ' ಅಂತ ಬರೆಯೋಕೆ ಇದರಲ್ಲಿ ಜಾಗ ಇಲ್ಲ."

"ಅನುಮತಿ, ಮೇಡಂ?" ಹೊದಿಕೆಯೊಳಗಿಂದ ಅಕ್ಕನ ದನಿ.

"ಇನ್ನೊಂದು ವರ್ಷ. ಕಲಿಸೋರು ಅನ್ನೋ ಕಡೆ ನಿಮ್ಮ ತಂಗಿ ಹೆಸರನ್ನೂ ಸೇರಿಸ್ತೀನಿ. ಸುಳ್ಳು ಅರ್ಜಿ ಇಟ್ಕೊಂಡು ನಾನೇನ್ ಮಾಡ್ಲಿ? ಒಂದು ಷರತ್ತು ಮಾತ್ರ ಇದೆ." ಅವರು ಚಿಕ್ಕಿಯ ಕಡೆ ನೋಡಿದರು. "ಮುಂದಿನ ಸಲ ನಾನು ಬರೋದ್ರೊಳಗೆ ಈ ಮನೇಲಿ ವಾರಕ್ಕೆ ಏಳೇ ದಿನ ಇರಬೇಕು."

ಮೇಡಂ ಆರಿದ ಚಹಾವನ್ನೇ ಕುಡಿದು, ಮೆಟ್ಟಿಲ ಮೇಲೆ ಲಿಫ್ಟಿಗೆ ಶಾಪ ಹಾಕುತ್ತ ಇಳಿದುಹೋದರು. ಅವರ ಹೆಜ್ಜೆ ಸದ್ದು ಅಡಗಿದ ಮೇಲೆ ಅಕ್ಕ ಹೊದಿಕೆಯಿಂದ ಮುಖ ಹೊರಹಾಕಿ ಮಗನನ್ನು ಬಾಚಿ ತಬ್ಬಿಕೊಂಡು, "ನಿನ್ನ ಬಾಯಿಗಿಷ್ಟು ಬೆಂಕಿ ಹಾಕ" ಎಂದು ಬೈಯುತ್ತ ಹಣೆಗೆ ಮುತ್ತಿಟ್ಟಳು.

ಮಾರನೆಯ ಬೆಳಿಗ್ಗೆ ಅಕ್ಕನ ಕೈಯಿಂದ ಹಾಜರಿ ಪುಸ್ತಕವನ್ನು ಹೆಡ್‌ಮೇಡಂ ಕಿತ್ತುಕೊಂಡಳು. ತಾನೇ ಒಂದು, ಹಾಜರ್. ರೇಡಿಯೋ ಎರಡು, ಹಾಜರ್. ಬಾಡಿಗೆದಾರ ಮೂರು, ಸ್ವಲ್ಪ ಕಾಯಿಸಿ ಒದ್ದ.

"ನಾಲ್ಕು?"

ಚಿಕ್ಕಿ ಅಕ್ಕಪಕ್ಕ ನೋಡಿದಳು. ಮಂಚದ ಮೇಲಿದ್ದ ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಏಳರ ಭಾಗಾಕಾರದ ಪಾಠ ಹನ್ನೊಂದು ಗಂಟೆಗೆ" ಎಂದಳು ಹೆಡ್‌ಮೇಡಂ. "ನಿಂಗದು ಬರಲ್ಲ ಅಂತ ನಂಗೆ ಮೊದಲ ದಿನವೇ ಗೊತ್ತಿತ್ತು ಚಿಕ್ಕಿ, ಹೇಳಿದ್ರೆ ನೀನು ಅಳ್ತೀಯ ಅಂತ ಸುಮ್ಮನಿದ್ದೆ. ನಾಲ್ಕು?"

"ಹಾಜರ್" ಎಂದಳು ಚಿಕ್ಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ತನಗೇ ಕೇಳಿಸುವಷ್ಟು.

"ಜೋರಾಗಿ ಹೇಳು ಚಿಕ್ಕಿ, ಆಗಲ್ಲ ಅಂದ್ರೆ ನಾನು ಕೂಗ್ಲಾ?" ಎಂದ ರೇಡಿಯೋ.

"ಏನೂ ಬೇಡ ಹೋಗೋ, ನನ್ನದು ನಾನೇ ಕೂಗ್ತೀನಿ" ಎಂದು ಚಿಕ್ಕಿ ಉಸಿರೆಳೆದುಕೊಂಡಳು.