ಹಿಂದೆ ಕೂತವರ ದನಿ

ಸುಜಾತಾ ಕಿಟಕಿಯೊಳಗೆ ಕೈ ಹಾಕಿ ಕಾರಿನ ಕೀಲಿ ಕಿತ್ತುಕೊಂಡಳು. ಸವಣೂರಿನ ಆ ಓಣಿಯನ್ನೇ ನಡುಗಿಸುತ್ತಿದ್ದ ಅಬ್ಬರ ತಟ್ಟನೆ ನಿಂತಿತು. ಸ್ಟೇರಿಂಗ್ ಹಿಡಿದು ಕೂತಿದ್ದ ಮೈದುನ ಸಂಜಯ ಬೆಪ್ಪಾಗಿ ನೋಡಿದ. ಹಿಂದಿನ ಸೀಟಿನಲ್ಲಿ ಅವಳ ಗಂಡ ಫಕ್ಕೀರೇಶನ ಹೆಣವಿತ್ತು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಾಯಿ ಶಾರವ್ವ ಕೂತಿದ್ದಳು.

“ಅಣ್ಣನ ಗಾಡಿ, ವೈನಿ. ಊರಿಗೆಲ್ಲಾ ಕೇಳೂಹಂಗ ಕಳಿಸೂಣು ಅಂತ,” ಎಂದ ಸಂಜಯ.

“ಸೈಲೆನ್ಸರ್ ಯಾವಾಗ ಕೊಯ್ಸಿದಿ?”

ಅವನು ಮುಖ ತಗ್ಗಿಸಿದ. ಅಣ್ಣ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಉಸಿರಿಗೆ ತಿಣುಕುತ್ತಿದ್ದಾಗಲೇ, ಗೆಳೆಯನ ಮದುವೆ ಮೆರವಣಿಗೆಗೆಂದು ಅದನ್ನು ಕೊಯ್ಯಿಸಿ ಬೋಳು ಪೈಪು ಹಾಕಿಸಿದ್ದ.

*

ಫಕ್ಕೀರೇಶ ಬಾಡಿಗೆಗೆ ಓಡಿಸುತ್ತಿದ್ದ ಆ ಹಳೆಯ ಅಂಬಾಸಿಡರ್ ಮೊದಲು ಹೀಗೆಯೇ ಒದರುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವನು ಒಂದು ಕೂಸಿನ ಹೆಣವನ್ನೂ ಅದರ ತಾಯಿಯನ್ನೂ ಯಲವಿಗಿಗೆ ಮುಟ್ಟಿಸಿದ್ದ. ದಾರಿಯಲ್ಲಿ ಅವಳ ತವರೂರು. ತನ್ನವ್ವನಿಗೆ ಕೂಸಿನ ಮುಖ ತೋರಿಸಬೇಕು, ನಿಲ್ಲಿಸು ಎಂದು ಅವಳು ಬೇಡಿಕೊಂಡಿದ್ದು ಅವನಿಗೆ ಕೇಳಿಸಿರಲೇ ಇಲ್ಲ. ಇಳಿದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಕುಣಿ ತೋಡಿಟ್ಟುಕೊಂಡು ಕಾದಿದ್ದವರು ಕೂಸನ್ನು ಎತ್ತಿಕೊಂಡು ಹೋಗಿದ್ದರು.

ಅಂದು ಅವನು ಉಣ್ಣಲಿಲ್ಲ. ಆ ಮಳೆಗಾಲವೆಲ್ಲ ಇಂಜಿನ್ ಬಿಚ್ಚಿಕೊಂಡು ಅಂಗಳದಲ್ಲಿ ಕೂತ. ಸವೆದದ್ದನ್ನೆಲ್ಲ ಬದಲಿಸಿ ಜೋಡಿಸಿದ, ಸೋರುವ ಪೈಪಿಗೆ ಬೆಸುಗೆ ಹಾಕಿಸಿದ, ಹೊಸ ಸೈಲೆನ್ಸರ್ ಕೂಡಿಸಿದ. ಆಮೇಲೆ ಸುಜಾತಾಳನ್ನು ಹಿಂದೆ ಕೂರಿಸಿಕೊಂಡು ಶಿಗ್ಗಾಂವದ ರಸ್ತೆಗೆ ಹೋಗುತ್ತಿದ್ದ. ಸಣ್ಣ ದನಿಯಲ್ಲಿ ಏನಾದರೂ ಮಾತಾಡು ಎನ್ನುತ್ತಿದ್ದ. ಕೇಳಿಸದಿದ್ದರೆ ಗಾಡಿ ನಿಲ್ಲಿಸಿ ಬಾನೆಟ್ ಎತ್ತುತ್ತಿದ್ದ. ಎದುರಿಗೆ ಹೇಳಲಾರದ್ದನ್ನೆಲ್ಲ ಅವಳು ಅವನ ಬೆನ್ನಿಗೆ ಹೇಳಿಕೊಂಡಳು. ಒಂದು ದಿನ ಅವಳು ಪಿಸುಗುಟ್ಟಿದ್ದಕ್ಕೂ ಮುಂದಿನಿಂದ ಉತ್ತರ ಬಂತು.

*

ಫಕ್ಕೀರೇಶನ ಸೋದರಮಾವ ಮಾಳಪ್ಪ ಮುಂದೆ ಬಂದ. ಹುಡುಗ ತಿಳಿಯದೆ ಮಾಡಿದ್ದಾನೆ, ಮಣ್ಣಿಗೆ ಹೊತ್ತಾಯಿತು, ಕೀಲಿ ಕೊಡವ್ವ ಎಂದ. ನೆರೆದವರೂ ಅದನ್ನೇ ಅಂದರು.

“ಕೊಡಂಗಿಲ್ಲ,” ಎಂದಳು ಸುಜಾತಾ. “ಅತ್ತಿ ಆಗಿಂದ ಏನೋ ಹೇಳಾಕತ್ತಾಳ. ನಿಮ್ಮೊಳಗ ಯಾರಿಗರ ಕೇಳಿಸೇತೇನು?”

ಎಲ್ಲರೂ ಹಿಂದಿನ ಸೀಟಿನತ್ತ ಬಗ್ಗಿದರು.

“ಬಿಸಲು ಅವನ ಮಾರಿ ಮ್ಯಾಲ ಬೀಳಾಕತ್ತೇತಿ,” ಎಂದಳು ಶಾರವ್ವ. “ಏನರ ಅಡ್ಡ ಹಿಡೀರಿ ಅಂದೆ.”

ಸುಜಾತಾ ಮಾಳಪ್ಪನ ಹೆಗಲ ಮೇಲಿದ್ದ ಟವೆಲ್ಲನ್ನು ಎಳೆದುಕೊಂಡು ಹಿಂದಿನ ಕಿಟಕಿಗೆ ಕಟ್ಟಿದಳು. ಆಮೇಲೆ ಮುಂದಿನ ಬಾಗಿಲು ತೆಗೆದಳು.

“ಗಿಯರ್ ತಪ್ಪಿಸಿ ಇಳಿ. ನೂಕು.”

ಸಂಜಯ ಇಳಿದ. ಹುಟ್ಟಿದಾಗಿನಿಂದ ಸ್ಟೇರಿಂಗ್ ಮುಟ್ಟದವಳು ಅವನ ಜಾಗದಲ್ಲಿ ಕೂತಳು. ಸಂಜಯ ಒಬ್ಬನೇ ನೂಕಿದ, ಗಾಡಿ ಅಲುಗಲಿಲ್ಲ. ಮಾಳಪ್ಪ ಕೈ ಹಚ್ಚಿದ, ಉಳಿದ ಗಂಡಸರೂ ಒಬ್ಬೊಬ್ಬರಾಗಿ ಬಂದರು.

ಸ್ಮಶಾನದ ಇಳಿಜಾರಿನಲ್ಲಿ ಗಾಡಿ ತಾನೇ ಉರುಳತೊಡಗಿತು. ಸಂಜಯ ಎಡವಿದ್ದು ಅವಳಿಗೆ ಕನ್ನಡಿಯಲ್ಲಿ ಕಂಡಿತು. ಅವನ ಒಂದು ಚಪ್ಪಲಿ ರಸ್ತೆಯಲ್ಲೇ ಉಳಿಯಿತು. ಗಾಡಿಯ ಹಿಂಭಾಗ ಹಿಡಿಯಲು ಅವನು ಕುಂಟುತ್ತ ಓಡಿ ಬರುತ್ತಿದ್ದ. ಅವಳು ನೋಡುತ್ತಲೇ ಇದ್ದಳು, ಬ್ರೇಕಿನ ಮೇಲೆ ಕಾಲಿಟ್ಟಿದ್ದರೂ ತುಳಿಯಲಿಲ್ಲ.