ರಿಬ್ಬನ್ ಮುಟ್ಟುವ ಮೊದಲೇ

ನಮ್ಮ ಬೀದಿಯ ಟೈಲರಮ್ಮನ ಮಗಳು ಓಟಗಾರ್ತಿ. ಎಂಟುನೂರು ಮೀಟರ್ ಓಟದಲ್ಲಿ ಅವಳನ್ನು ಹಿಂದೆ ಹಾಕುವವರು ಸುತ್ತಮುತ್ತ ಯಾರೂ ಇರಲಿಲ್ಲ. ಆದರೆ ಅವಳದೊಂದು ವಿಚಿತ್ರವಿತ್ತು. ಕೊನೆಯ ರಿಬ್ಬನ್ ಎದೆಗೆ ತಾಗಿದ್ದೇ ತಡ, ಮಡಚಿಕೊಂಡು ನೆಲಕ್ಕೆ ಬೀಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಎದ್ದು ಕೂತು, ಸುತ್ತ ನಿಂತವರನ್ನು ನೋಡಿ ನಗುತ್ತಿದ್ದಳು. ಮುಟ್ಟಿದರೆ ಎಲೆ ಮಡಚುವ ಗಿಡವಿದೆಯಲ್ಲ, ಅದರ ಹೆಸರನ್ನೇ ಗೆಳತಿಯರು ಅವಳಿಗೆ ಇಟ್ಟರು: ಮುಟ್ಟಿದರೆ ಮುನಿ. ಬರಬರುತ್ತ ಅದು ಬರೀ ‘ಮುನಿ’ ಆಯಿತು. ಕೋಚ್ ಕೂಡ ಹಾಗೇ ಕರೆಯುತ್ತಿದ್ದರು. “ಮೈಯಲ್ಲಿರೋ ಶಕ್ತಿನೆಲ್ಲ ಮೈದಾನದಲ್ಲೇ ಬಿಟ್ಟು ಬರ್ತಾಳೆ ನೋಡಿ, ಓಡಿದ್ರೆ ಹೀಗೆ ಓಡ್ಬೇಕು,” ಎಂದು ಉಳಿದ ಮಕ್ಕಳಿಗೆ ಹೇಳುತ್ತಿದ್ದರು. ಹೆಸರು ಮುದ್ದಾಗಿತ್ತು, ಎಲ್ಲರಿಗೂ ಹಿಡಿಸಿತ್ತು. ಹಾಗಾಗಿ ಬೀಳುವುದು ಕಾಯಿಲೆ ಇರಬಹುದು ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಒಂದು ಸಂಜೆ ಪಕ್ಕದ ಮನೆಯ ನರ್ಸಕ್ಕ, ಯೂನಿಫಾರಂ ಬಿಗಿಯಾಗುತ್ತಿದೆ ಎಂದು ಹೊಲಿಗೆ ಬಿಚ್ಚಿಸಲು ಟೈಲರಮ್ಮನ ಮನೆಗೆ ಬಂದಳು. ಟೈಲರಮ್ಮ ಮೆಷಿನ್ ಮುಂದೆ ಕೂತಿದ್ದಳು. ಅವಳ ತಾಯಿ, ಅಂದರೆ ಮುನಿಯ ಅಜ್ಜಿ, ಮೂಲೆಯಲ್ಲಿ ಹೊಲಿದ ಬಟ್ಟೆಗಳ ದಾರದ ತುದಿ ಕತ್ತರಿಸುತ್ತಿದ್ದಳು. ಮುನಿಯ ಮೊಣಕೈಗೆ ಬ್ಯಾಂಡೇಜ್ ಇತ್ತು. ಕೆನ್ನೆ ತರಚಿತ್ತು.

“ಏನೇ ಇದು? ಯಾರ ಜೊತೆ ಜಗಳ ಆಡ್ದೆ?”

“ನೆಲದ ಜೊತೆ, ಅಕ್ಕ. ಪ್ರಾಕ್ಟೀಸ್‌ನಲ್ಲಿ ಬಿದ್ದೆ.”

“ಅವಳ ಕಥೆ ನಿಮಗೆ ಗೊತ್ತೇ ಇದೆಯಲ್ಲ,” ಎಂದು ಅಪ್ಪ ನಕ್ಕ. ಅವನು ಬಡಗಿ, ಆಗಷ್ಟೇ ಕೆಲಸದಿಂದ ಬಂದು ಕೂದಲಲ್ಲಿದ್ದ ಮರದ ಹೊಟ್ಟು ಕೊಡವುತ್ತಿದ್ದ. “ರಿಬ್ಬನ್ ಮುಟ್ಟಿದ್ರೆ ಸಾಕು, ಮಲಗಿಬಿಡ್ತಾಳೆ ಮಹಾರಾಯ್ತಿ.”

ನರ್ಸಕ್ಕ ನಗಲಿಲ್ಲ. ಹುಡುಗಿಯ ಗಲ್ಲ ಹಿಡಿದು ಗಾಯ ನೋಡಿದಳು. “ಬೀಳೋವಾಗ ಯಾರೇ ಆಗ್ಲಿ ಕೈ ಊರ್ತಾರೆ. ನೀನು ಮುಖಾನೇ ಕೊಟ್ಟಿದ್ದೀಯ. ನಿಜ ಹೇಳು, ಈ ಸಲ ಬಿದ್ದಿದ್ದು ಮುಟ್ಟಿದ ಮೇಲಾ, ಮುಟ್ಟೋಕ್ಕೆ ಮೊದಲಾ?”

ಮುನಿ ಅಪ್ಪನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. “ಮೊದಲೇ, ಅಕ್ಕ. ತಿರುವಿನಲ್ಲಿ ಜೋರಾಗಿ ಓಡ್ತಾ ಇದ್ದೆ. ಎದೆ ಒಂಥರಾ ಪಟಪಟ ಅಂತು. ಆಮೇಲೆ ಏನೂ ನೆನಪಿಲ್ಲ.”

ಮೆಷಿನ್ ಸದ್ದು ನಿಂತಿತು. “ನನಗ್ಯಾಕೆ ಹೇಳ್ಲಿಲ್ಲ?” ಎಂದಳು ತಾಯಿ.

“ಹೇಳಿದ್ರೆ ಭಾನುವಾರ ಸೆಲೆಕ್ಷನ್‌ಗೆ ಕಳಿಸ್ತಿದ್ಯಾ?”

ಭಾನುವಾರ ದೊಡ್ಡ ತಂಡದ ಆಯ್ಕೆಯಿತ್ತು. ಆ ಒಂದು ದಿನಕ್ಕಾಗಿ ಹುಡುಗಿ ವರ್ಷಗಟ್ಟಲೆ ಬೆಳಗಿನ ನಿದ್ದೆ ಬಿಟ್ಟಿದ್ದಳು.

“ಓಡಿ ನಿಂತ ಮೇಲೆ ತಲೆ ಸುತ್ತಿ ಬಿದ್ರೂ ತೋರಿಸ್ಬೇಕು,” ಎಂದಳು ನರ್ಸಕ್ಕ. “ಆದ್ರೆ ಓಡ್ತಾ ಓಡ್ತಾನೇ ಪ್ರಜ್ಞೆ ತಪ್ಪೋದಿದೆಯಲ್ಲ, ಅದನ್ನ ಹಗುರವಾಗಿ ತಗೊಳ್ಳೋ ಹಾಗೇ ಇಲ್ಲ. ಹೃದಯ ಕೊಡೋ ಎಚ್ಚರಿಕೆ ಆಗಿರಬಹುದು. ಪರೀಕ್ಷೆ ಆಗೋವರೆಗೂ ಇವಳು ಓಡ್ಬಾರ್ದು.”

“ಬಿಡ್ತು ಅನ್ನಮ್ಮ!” ಅಪ್ಪನಿಗೆ ಸಿಟ್ಟೇ ಬಂತು. “ಹೃದಯದ ಕಾಯಿಲೆ ಬರೋದು ನನ್ನಂಥ ಹೊಟ್ಟೆ ಬಿಟ್ಟವರಿಗೆ. ಗುಂಡುಕಲ್ಲಿನ ಹಾಗಿರೋ ಹುಡುಗಿಗೆ ಎಲ್ಲಿಂದ ಬರುತ್ತೆ?”

“ಅಣ್ಣ, ಮರದ ಹಲಗೆ ಹೊರಗಿಂದ ಚೆನ್ನಾಗಿದೆ ಅಂತ ಹಾಗೇ ಬಾಗಿಲಿಗೆ ಹಾಕ್ತೀರಾ?”

“ಹೇಗೆ ಹಾಕ್ತೀನಿ? ತಟ್ಟಿ ನೋಡ್ತೀನಿ.”

“ಇದೂ ತಟ್ಟಿ ನೋಡೋದೇ. ಇ.ಸಿ.ಜಿ. ಅಂತಾರೆ. ಸೂಜಿ ಚುಚ್ಚಲ್ಲ, ನೋವಿಲ್ಲ, ಸುಮ್ಮನೆ ಮಲಗಿದ್ರೆ ಸಾಕು.”

“ಭಾನುವಾರ ಒಂದು ಕಳೀಲಿ. ಸೋಮವಾರ ನಾನೇ ಕರ್ಕೊಂಡು ಹೋಗ್ತೀನಿ.”

“ಭಾನುವಾರ ಹೇಗೂ ಕಳೆಯುತ್ತೆ ಅಣ್ಣ, ಇವಳು...” ಎಂದು ನರ್ಸಕ್ಕ ನಾಲಿಗೆ ಕಚ್ಚಿಕೊಂಡಳು.

ಆಗ ಮೂಲೆಯಲ್ಲಿದ್ದ ಅಜ್ಜಿ ಕತ್ತರಿ ಕೆಳಗಿಟ್ಟಳು. ಈ ಅಜ್ಜಿಯದು ಮಾತು ಕಡಿಮೆ. ಇನ್ನೊಂದು ವಿಚಿತ್ರವೆಂದರೆ, ಬೇರೆ ಅಜ್ಜಿಯಂದಿರ ಹಾಗೆ ‘ಇನ್ನೊಂದು ಸ್ವಲ್ಪ ಹಾಕ್ಕೋ’ ಎಂದು ಇವಳು ಯಾರಿಗೂ ಒತ್ತಾಯ ಮಾಡಿ ಬಡಿಸಿದವಳಲ್ಲ. ಮೊಮ್ಮಗಳು ಅದಕ್ಕೆ ‘ಜಿಪುಣಜ್ಜಿ’ ಎಂದು ಕಾಡಿಸುತ್ತಿದ್ದಳು. ಮನೆಯ ಹೊಸ್ತಿಲು ದಾಟುವುದೇ ಅಪರೂಪವಾಗಿದ್ದ ಆ ಮುದುಕಿ ಹೇಳಿದಳು: “ನಾಳೆ ಬೆಳಿಗ್ಗೆನೇ ಹೊರಡಿ. ನಾನೂ ಬರ್ತೀನಿ.”

ಅತ್ತೆಯ ಮಾತಿಗೆ ಅಳಿಯ ಎದುರಾಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಇ.ಸಿ.ಜಿ. ಪಟ್ಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ನಿಮ್ಮ ಮನೆತನದಲ್ಲಿ ಚಿಕ್ಕ ವಯಸ್ಸಲ್ಲಿ ಹಠಾತ್ತಾಗಿ ತೀರಿಕೊಂಡವರು ಯಾರಾದ್ರೂ ಇದ್ದಾರಾ?”

“ಇಲ್ಲ, ಡಾಕ್ಟ್ರೇ,” ಎಂದಳು ಟೈಲರಮ್ಮ. ಅವಳೇನೂ ಸುಳ್ಳು ಹೇಳಲಿಲ್ಲ, ಡಾಕ್ಟರ್ ಕೇಳಿದ್ದು ಕಾಯಿಲೆಯ ಸಾವು ಎಂದುಕೊಂಡಿದ್ದಳು. ಮನೆಯಲ್ಲಿ ಯಾರೂ ಎದೆ ಹಿಡಿದುಕೊಂಡು ಸತ್ತಿರಲಿಲ್ಲ.

ಡಾಕ್ಟರಿಗೆ ಸಮಾಧಾನವಾಗಲಿಲ್ಲ. “ಕಾಯಿಲೆಯಿಂದಲೇ ಅಂತಲ್ಲ. ಇದ್ದಕ್ಕಿದ್ದ ಹಾಗೆ ಬಿದ್ದು? ಅಪಘಾತದಲ್ಲಿ? ನೀರಲ್ಲಿ ಮುಳುಗಿ?”

ಟೈಲರಮ್ಮ ತಾಯಿಯ ಕಡೆ ತಿರುಗಿದಳು.

“ನನ್ನ ಮಗ,” ಎಂದಳು ಅಜ್ಜಿ. “ಇವಳ ಅಣ್ಣ. ಹೊಳೆಯಲ್ಲಿ ಹೋದ.”

“ಈಜು ಬರ್ತಿರಲಿಲ್ವಾ?”

“ಓರಗೆಯವರಿಗೆಲ್ಲ ಈಜು ಕಲಿಸಿದವನು ಡಾಕ್ಟ್ರೇ. ಅವತ್ತು ನೀರು ಸೊಂಟದ ಮಟ್ಟಕ್ಕಿಂತ ಮೇಲಿರಲಿಲ್ಲ. ಜೋರಾಗಿ ಈಜ್ತಾ ಇದ್ದವನು ಹಾಗೇ ತಣ್ಣಗಾದನಂತೆ. ಹೊಟ್ಟೆ ಭಾರಕ್ಕೆ ಮುಳುಗಿದ ಅಂದರು ಎಲ್ಲರೂ.” ಅವಳು ತನ್ನ ಬಲಗೈ ನೋಡಿಕೊಂಡಳು. “ಬೇಡ ಬೇಡ ಅಂದ್ರೂ ಎರಡನೇ ಸಲ ಬಡಿಸಿದವಳು ನಾನೇ.”

ತಾಯಿಯ ಮನಸ್ಸಿನಲ್ಲಿ ಇಂಥದ್ದೊಂದು ಕೊರಗು ಇದೆ ಎಂದು ಮಗಳಿಗೇ ಗೊತ್ತಿರಲಿಲ್ಲ. ಟೈಲರಮ್ಮ ಅಲ್ಲೇ ಅಳತೊಡಗಿದಳು.

ಡಾಕ್ಟರ್ ಕುರ್ಚಿಯನ್ನು ಅಜ್ಜಿಯ ಹತ್ತಿರಕ್ಕೆ ಎಳೆದುಕೊಂಡರು. “ಅಮ್ಮ, ಅವನ ಹೃದಯವನ್ನ ಆವತ್ತು ಯಾರೂ ಪರೀಕ್ಷೆ ಮಾಡಿಲ್ಲ. ಹಾಗಾಗಿ ಇದೇ ಕಾರಣ ಅಂತ ಆಣೆ ಮಾಡಿ ಹೇಳಲಾರೆ. ಆದ್ರೆ ಒಂದು ತುತ್ತು ಹೆಚ್ಚು ಉಂಡಿದ್ದಕ್ಕೆ ಅಂಥ ಈಜುಗಾರ ಸೊಂಟದ ನೀರಲ್ಲಿ ಮುಳುಗಲ್ಲ. ನಿಮ್ಮ ಊಟ ಅವನನ್ನ ಕೊಲ್ಲಲಿಲ್ಲ.” ಆಮೇಲೆ ಟೈಲರಮ್ಮನ ಕಡೆ ತಿರುಗಿದರು. “ನೀವೂ ಮಲಗಿ. ನಿಮ್ಮದೂ ನೋಡ್ಬೇಕು.”

ಒಂದು ದಿನವೂ ಓಡದ, ದಿನವಿಡೀ ಕೂತೇ ಕೆಲಸ ಮಾಡುವ ಟೈಲರಮ್ಮನ ಇ.ಸಿ.ಜಿ.ಯಲ್ಲೂ ಅದೇ ತೊಂದರೆ ಇತ್ತು. ಅಪ್ಪ ಎರಡು ಪಟ್ಟಿಗಳನ್ನೂ ನೋಡುತ್ತ ಗೋಡೆಗೊರಗಿ ನಿಂತುಬಿಟ್ಟ.

“ನಿಮ್ಮ ಮೆಷಿನ್‌ನಲ್ಲಿ ಸೂಜಿ ಪೂರ್ತಿ ಮೇಲೆ ಬರೋ ಮೊದಲೇ ಬಟ್ಟೆ ಎಳೆದ್ರೆ ಏನಾಗುತ್ತೆ?” ಎಂದು ಡಾಕ್ಟರ್ ಕೇಳಿದರು.

“ದಾರ ಸಿಕ್ಕಾಗುತ್ತೆ. ಸೂಜಿನೂ ಮುರಿಯುತ್ತೆ.”

“ನಿಮ್ಮಿಬ್ಬರ ಹೃದಯವೂ ಒಂದು ಸಲ ಬಡಿದ ಮೇಲೆ ಮತ್ತೆ ಸಿದ್ಧ ಆಗೋಕೆ ಸ್ವಲ್ಪ ಹೆಚ್ಚು ಹೊತ್ತು ತಗೊಳ್ಳುತ್ತೆ. ಜೋರಾಗಿ ಓಡಿದಾಗ, ಈಜಿದಾಗ ತಾಳ ತಪ್ಪಬಹುದು. ಹುಟ್ಟಿನಿಂದ, ಮನೆತನದಲ್ಲಿ ಹರಿದು ಬಂದಿರೋದು, ಯಾರ ತಪ್ಪೂ ಅಲ್ಲ. ಹೃದಯ ತಜ್ಞರು ಇನ್ನೂ ಕೆಲವು ಪರೀಕ್ಷೆ ಮಾಡ್ತಾರೆ. ದಿನಾ ಮಾತ್ರೆ ತಗೋಬೇಕು, ನಿಮ್ಮಷ್ಟಕ್ಕೆ ನೀವೇ ನಿಲ್ಲಿಸ್ಬಾರ್ದು. ನೆಗಡಿ ಜ್ವರಕ್ಕೂ ಕೇಳದೆ ಬೇರೆ ಮಾತ್ರೆ ನುಂಗ್ಬಾರ್ದು.”

“ನಾನು ಮತ್ತೆ ಓಡ್ಬಹುದಾ?” ಎಂದಳು ಮುನಿ.

“ಈಗಂತೂ ಇಲ್ಲ, ಮಗಳೇ. ಮುಂದೆ ತಜ್ಞರು ನೋಡಿ ಹೇಳ್ತಾರೆ. ನಾನು ಸುಳ್ಳು ಆಸೆ ಹುಟ್ಟಿಸಲ್ಲ.”

ಹುಡುಗಿ ಹೊರಗಿನ ಬೆಂಚಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದ. ಓಟ ಬಿಡುವುದು ಅವಳಿಗೆ ಸಣ್ಣ ಮಾತಾಗಿರಲಿಲ್ಲ. ಸಣ್ಣ ಮಾತು ಎಂದು ಯಾರೂ ಹೇಳಲೂಬಾರದು.

ಭಾನುವಾರದ ಆಯ್ಕೆ ಅವಳಿಲ್ಲದೆ ನಡೆಯಿತು. ಅದು ಮುಗಿದ ಮೇಲೆ ಕೋಚ್ ಮನೆಗೆ ಬಂದರು, ಮುಖ ಸಪ್ಪಗಿತ್ತು. “ನೀನು ಬಿದ್ದಾಗಲೆಲ್ಲ ಶಹಬ್ಬಾಸ್ ಅಂದೆನಲ್ಲಮ್ಮ,” ಎಂದರು. ತಂಡದ ಮಕ್ಕಳನ್ನೆಲ್ಲ ಪರೀಕ್ಷೆಗೆ ಕರೆದೊಯ್ಯುವುದಾಗಿ ಹೇಳಿದರು. ಯಾರಾದರೂ ಬಿದ್ದು ಉಸಿರು ನಿಂತರೆ ಎದೆ ಒತ್ತುವುದು ಹೇಗೆಂದು ನರ್ಸಕ್ಕನಿಂದ ತಾನೂ ಕಲಿಯುತ್ತೇನೆ ಎಂದರು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ಮುನಿ ಅರ್ಧಂಬರ್ಧ ಉಂಡು ಏಳಲು ಹೊರಟಳು. ಅಜ್ಜಿ ಸೌಟು ಎತ್ತಿದಳು.

“ಇನ್ನೊಂದು ಸ್ವಲ್ಪ ಹಾಕ್ಕೋ, ಮಗಾ.”

ಟೈಲರಮ್ಮನ ಕೈ ತುತ್ತಿನ ಸಮೇತ ನಿಂತುಹೋಯಿತು. ಮುನಿಗೆ ಹಸಿವಿರಲಿಲ್ಲ. ಆದರೂ ಮತ್ತೆ ಕೂತು ತಟ್ಟೆ ಮುಂದಕ್ಕೆ ಒಡ್ಡಿದಳು.

ಓದುತ್ತಿರುವ ನಿಮ್ಮ ಮನೆಯಲ್ಲೂ ಓಡುವ, ಆಡುವ, ಈಜುವ ಮಕ್ಕಳಿರಬಹುದು. ಆಡುವಾಗ ಅವರಿಗೆ ಪ್ರಜ್ಞೆ ತಪ್ಪಿದರೆ, ಎದೆ ನೋವು ಬಂದರೆ, ಕಾರಣವಿಲ್ಲದೆ ಎದೆ ಪಟಪಟನೆ ಹೊಡೆದುಕೊಂಡರೆ, ಜೊತೆಯವರಿಗಿಂತ ಬೇಗ ಉಸಿರು ಕಟ್ಟಿದರೆ ಆಟ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಒಮ್ಮೆ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ, ಮತ್ತೆ ಹಾಗಾದರೆ ಮತ್ತೆ ತೋರಿಸಿ. ಇವತ್ತೇ ಮನೆಯ ಹಿರಿಯರ ಪಕ್ಕದಲ್ಲಿ ಕೂತು ಕೇಳಿ: ನಮ್ಮಲ್ಲಿ ಚಿಕ್ಕ ವಯಸ್ಸಿನಲ್ಲಿ ಹೋದವರು ಯಾರು, ಹೇಗೆ ಹೋದರು? ಅವರು ಹೇಳಲು ಹೊತ್ತು ತೆಗೆದುಕೊಂಡರೆ ಕಾಯಿರಿ. ಅವರು ಹೇಳಿದ್ದನ್ನು ಡಾಕ್ಟರಿಗೆ ತಪ್ಪದೆ ತಿಳಿಸಿ. ಮತ್ತೆ ಮತ್ತೆ ಬೀಳುವ ಮಗುವಿಗೆ ದಯವಿಟ್ಟು ಮುದ್ದಿನ ಹೆಸರಿಟ್ಟು ಸುಮ್ಮನಾಗಬೇಡಿ.